ಅಳಿಸಿದ ಪತ್ರ

ಪ್ರವೇಶ, ಶುಲ್ಕ, ಖರೀದಿಗಳಿಗೆ ದಾಖಲೆ ಬೇಕೆಂದು ನಮ್ಮ ಕಾಲೇಜಿನ ಇಮೇಲುಗಳಿಗೆ ಈ ವರ್ಷ ‘ಜರ್ನಲಿಂಗ್’ ಏರ್ಪಾಟಾಯಿತು. ಕನ್ನಡ ಮೇಷ್ಟರಿಗೆ ಇದರ ಗೊಡವೆ ಏಕೆನ್ನುವಿರಾ? ಸಮಿತಿಯ ಕಾರ್ಯದರ್ಶಿಯಾಗಿ ನನ್ನನ್ನೇ ಹಿಡಿದರು!

ಸಂಗತಿ ಸರಳ. ಬಂದ, ಹೋದ ಪ್ರತಿಯೊಂದು ಪತ್ರದ ನಕಲೂ ಬೇರೊಂದು ಪೆಟ್ಟಿಗೆಗೆ ಸೇರುತ್ತದೆ. ಕಳಿಸಿದವರು, ಪಡೆದವರು, ಗುಟ್ಟಾಗಿ ಪ್ರತಿ ಪಡೆದವರು ಎಲ್ಲರ ಹೆಸರಿನೊಡನೆ. ನಾವು ಅಳಿಸಿದರೂ ಅಲ್ಲಿಯದು ಅಳಿಯದು. ಹಿಂದಿನ ಗುಮಾಸ್ತರ ಟಪಾಲು ಪುಸ್ತಕದಂತೆಯೇ. ಆದರೆ ಇದಕ್ಕೆ ದಾಕ್ಷಿಣ್ಯವಿಲ್ಲ. ಅಮೆರಿಕದಲ್ಲಿ ಷೇರು ದಲ್ಲಾಳಿಗಳು ವ್ಯವಹಾರದ ಪತ್ರಗಳನ್ನು ಕನಿಷ್ಠ 3 ವರ್ಷ ಕಾಪಾಡಬೇಕೆಂಬ ಕಟ್ಟಳೆಯಿದೆ. ಇಮೇಲುಗಳನ್ನು ಹಾಗೆ ಕಾಪಾಡಲಿಲ್ಲವೆಂದು 2002ರಲ್ಲಿ 5 ಸಂಸ್ಥೆಗಳು ಒಟ್ಟು 82.5 ಲಕ್ಷ ಡಾಲರು ದಂಡ ತೆತ್ತವು.

ಇದನ್ನೆಲ್ಲ ಸಭೆಯಲ್ಲಿ ಗಂಭೀರವಾಗಿ ವಿವರಿಸಿದೆ. ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಒಳಗೊಳಗೇ ಇರಿಸುಮುರಿಸು. ಎರಡು ವರ್ಷದ ಹಿಂದೆ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನಕ್ಕಾಗಿ ನನ್ನ ಶಿಫಾರಸು ಬೇಡಿ ಬರೆದಿದ್ದಳು. ನಾನು ಮರೆತೆ, ಗಡುವು ಮೀರಿತು. ಬಂದು ಕೇಳಿದಾಗ, “ನಿನ್ನ ಪತ್ರ ಬರಲೇ ಇಲ್ಲವಮ್ಮ” ಎಂದುಬಿಟ್ಟೆ. ಆ ಸಂಜೆಯೇ ಪತ್ರವನ್ನು ಅಳಿಸಿದೆ.

“ಹಳೆಯ ಪತ್ರಗಳೂ ಇದರಲ್ಲಿ ಸಿಕ್ಕುವುವೇ?” ಎಂದು ಏರ್ಪಾಟು ಮಾಡಿದ ಹುಡುಗನನ್ನು ಕೇಳಿದೆ.

“ಇಲ್ಲ ಸಾರ್, ಇಂದಿನಿಂದ ಮುಂದಿನವು ಮಾತ್ರ.”

ನೆಮ್ಮದಿಯ ಉಸಿರು ಬಿಟ್ಟೆ, ಬಿಟ್ಟೊಡನೆಯೇ ನಾಚಿಕೆಯಾಯಿತು. ಅಂದರೆ ಆ ಪತ್ರಕ್ಕೆ ಉಳಿದಿರುವ ದಾಖಲೆ ನಾನೊಬ್ಬನೇ.

ಮರುದಿನ ಅವಳಿಗೆ ಬರೆದೆ: “ನಿನ್ನ ಪತ್ರ ಬಂದಿತ್ತು. ತಪ್ಪು ನನ್ನದು.” ಹೊಸ ಪೆಟ್ಟಿಗೆಯಲ್ಲಿ ಅದರ ನಕಲಿದೆ. ಇರಲಿ.