ಮನಶ್ಶಾಸ್ತ್ರದ ಮನೆಪಾಠ

ಮನೆಪಾಠಕ್ಕೆ ಉಪಾಧ್ಯಾಯರನ್ನು ಗೊತ್ತುಮಾಡುವುದು ಕನ್ನಡ ನಾಡಿನ ಗೃಹಸ್ಥರಿಗೆ ಹೊಸ ಕೆಲಸವೇನೂ ಅಲ್ಲ. ಗಣಿತ ಹಿಡಿಯದ ಹುಡುಗನಿಗೆ ಗಣಿತದ ಮೇಷ್ಟರು, ಸಂಗೀತದಲ್ಲಿ ಆಸೆಯುಳ್ಳ ಹುಡುಗಿಗೆ ವೀಣೆಯ ವಿದ್ವಾಂಸರು, ಇಂಗ್ಲಿಷಿನಲ್ಲಿ ಹಿಂದೆ ಬಿದ್ದವರಿಗೆ ನಿವೃತ್ತರಾದ ಹೆಡ್‌ಮಾಸ್ಟರು—ಹೀಗೆ ಈ ಪದ್ಧತಿಯು ಹಲವು ತಲೆಮಾರುಗಳಿಂದ ನಡೆದುಬಂದಿದೆ. ಉಪಾಧ್ಯಾಯರನ್ನು ಆರಿಸುವಾಗ ಹಿರಿಯರು ಕೇಳುವ ಪ್ರಶ್ನೆಗಳೂ ಬಹುಮಟ್ಟಿಗೆ ಅವೇ: ಅವರು ಓದಿರುವುದೇನು, ಬಯಸುವ ಸಂಭಾವನೆಯೆಷ್ಟು, ಅವರ ಕೈಕೆಳಗೆ ಓದಿದವರಲ್ಲಿ ಎಷ್ಟು ಮಂದಿ ತೇರ್ಗಡೆಯಾದರು. ಈ ಪ್ರಶ್ನೆಗಳು ಅನಾವಶ್ಯಕವೆಂದು ಯಾರೂ ಹೇಳಲಾರರು. ಆದರೆ ಈಗ ಪಿ.ಯು.ಸಿ. ತರಗತಿಯಿಂದಲೇ ಮಕ್ಕಳು ಮನಶ್ಶಾಸ್ತ್ರವನ್ನು ಆರಿಸಿಕೊಳ್ಳಬಹುದಾಗಿದೆ. ಆ ಶಾಸ್ತ್ರಕ್ಕೂ ಮನೆಪಾಠವನ್ನು ಏರ್ಪಡಿಸಬೇಕಾದ ಸಂದರ್ಭವು ಒದಗುತ್ತಿದೆ. ಅಲ್ಲಿ ಈ ಮೂರು ಪ್ರಶ್ನೆಗಳು ಸಾಲವು.

ಅದಕ್ಕೆ ಕಾರಣವು ಆ ಶಾಸ್ತ್ರದ ಸ್ವಭಾವದಲ್ಲಿಯೇ ಇದೆ. ಮಿಕ್ಕ ಶಾಸ್ತ್ರಗಳು ಹೇಳುವ ವಸ್ತು ವಿದ್ಯಾರ್ಥಿಯಿಂದ ಹೊರಗೆ ಇರುವುದು. ತ್ರಿಕೋಣದ ಗುಣವನ್ನು ಕಲಿಯುವವನು ತಾನು ತ್ರಿಕೋಣವಾಗಬೇಕಾಗಿಲ್ಲ. ಮನಶ್ಶಾಸ್ತ್ರವನ್ನು ಓದುವವನಿಗಾದರೋ ಮೊದಲು ಕೈಗೆ ಸಿಕ್ಕುವ ಸಾಮಗ್ರಿ ತನ್ನ ಮನಸ್ಸೇ. ಭಯದ ಅಧ್ಯಾಯವನ್ನು ತೆರೆದರೆ ತಾನು ಹೆದರಿದ್ದು ನೆನಪಿಗೆ ಬರುತ್ತದೆ. ಮರೆವಿನ ಅಧ್ಯಾಯಕ್ಕೆ ಬಂದರೆ ಪರೀಕ್ಷೆಯ ಕೊಠಡಿಯಲ್ಲಿ ತಾನು ಬೆವರಿದ ದಿನ ಕಣ್ಣಿಗೆ ಕಟ್ಟುತ್ತದೆ. ಇಂಥ ವಿಷಯವನ್ನು ಗದರಿಸಿ ಕಲಿಸುವುದು ಆಗದು. ಬಾಯಿಪಾಠ ಮಾಡಿಸಿದರೆ ಶಬ್ದಗಳು ಮಾತ್ರ ಉಳಿಯುವುವು. ಹಾಗಾದರೆ ಈ ಶಾಸ್ತ್ರಕ್ಕೆ ಎಂಥ ಗುರು ಬೇಕು? ಈ ಪ್ರಶ್ನೆಗೆ ಉತ್ತರವನ್ನು ಊಹೆಯಿಂದ ಹೇಳಬೇಕಾಗಿಲ್ಲ. ಮನಶ್ಶಾಸ್ತ್ರಕ್ಕೆ ಮನೆಪಾಠದ ಗುರುವನ್ನು ಅರಸಿ ಹೊರಟ ಒಬ್ಬ ವಿದ್ಯಾರ್ಥಿನಿಯ ನಿಜವಾದ ವೃತ್ತಾಂತವೊಂದು ಆ ಶಾಸ್ತ್ರದ ಚರಿತ್ರೆಯಲ್ಲಿಯೇ ಇದೆ.

ಕುಮಾರಿ ಮೇರಿ ವಿಟನ್ ಕಾಲ್ಕಿನ್ಸ್ ಹುಟ್ಟಿದುದು 1863ರಲ್ಲಿ, ಅಮೇರಿಕಾ ದೇಶದ ಕನೆಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿ. ತಂದೆ ಕ್ರೈಸ್ತ ಧರ್ಮೋಪದೇಶಕರು. ಐವರು ಮಕ್ಕಳಲ್ಲಿ ಈಕೆಯೇ ಹಿರಿಯಳು. ಸ್ಮಿತ್ ಎಂಬ ಸ್ತ್ರೀ ಕಾಲೇಜಿನಲ್ಲಿ ಓದುತ್ತಿರುವಾಗ, 1883ರಲ್ಲಿ, ತಂಗಿಯೊಬ್ಬಳು ತೀರಿಕೊಂಡಳು. ಆ ಒಂದು ವರ್ಷ ಆಕೆ ಕಾಲೇಜಿಗೆ ಹೋಗದೆ ಮನೆಯಲ್ಲಿಯೇ ಇದ್ದು ಗ್ರೀಕ್ ಭಾಷೆಯನ್ನು ಖಾಸಗಿಯಾಗಿ ಅಭ್ಯಾಸಮಾಡಿದಳು. 1885ರಲ್ಲಿ ಪದವಿ ಬಂದಿತು. 1887ರಲ್ಲಿ, ಬಾಸ್ಟನ್ ನಗರಕ್ಕೆ ಸಮೀಪದ ವೆಲ್ಸ್‌ಲಿ ಕಾಲೇಜಿನಲ್ಲಿ ಗ್ರೀಕ್ ಭಾಷೆಯನ್ನು ಹೇಳಿಕೊಡುವ ಕೆಲಸ ದೊರೆಯಿತು. ಆಕೆಯ ಪಾಠದ ಸೊಗಸನ್ನು ಕಂಡ ಕಾಲೇಜಿನವರು, ಹೊಸದಾಗಿ ತೆರೆಯಬೇಕೆಂದಿದ್ದ ಮನಶ್ಶಾಸ್ತ್ರದ ತರಗತಿಯನ್ನು ಆಕೆಗೇ ವಹಿಸಲು ಮುಂದೆ ಬಂದರು. ಒಂದು ನಿಬಂಧನೆ ಮಾತ್ರ ಇದ್ದಿತು: ಮೊದಲು ಒಂದು ವರ್ಷ ಆ ಶಾಸ್ತ್ರವನ್ನು ತಾನು ಕಲಿತುಬರಬೇಕು.

ಆದರೆ ಕಲಿಯುವುದೆಲ್ಲಿ? ಜರ್ಮನಿಯ ಲೈಪ್‌ಸಿಗ್ ನಗರದಲ್ಲಿ ವುಂಟ್ ಪಂಡಿತರು 1879ರಲ್ಲಿ ಪ್ರಯೋಗಶಾಲೆಯನ್ನು ತೆರೆದು ಈ ಶಾಸ್ತ್ರಕ್ಕೆ ಹೊಸ ರೂಪವನ್ನು ಕೊಟ್ಟು ಹನ್ನೊಂದು ವರ್ಷ ಮಾತ್ರವಾಗಿದ್ದಿತು. ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಹೆಂಗಸಿಗೆ ಪ್ರವೇಶ ದೊರೆಯುವ ಭರವಸೆ ಇರಲಿಲ್ಲ. ಮನೆಯ ಹತ್ತಿರದಲ್ಲಿಯೇ ಹಾರ್ವರ್ಡ್ ವಿಶ್ವವಿದ್ಯಾನಿಲಯವಿದ್ದಿತು; ಅಲ್ಲಿ ವಿಲಿಯಂ ಜೇಮ್ಸರೂ ಜೊಸಾಯ ರಾಯ್ಸರೂ ಬೋಧಿಸುತ್ತಿದ್ದರು. ಆದರೆ ಹಾರ್ವರ್ಡು ಪುರುಷರ ವಿದ್ಯಾಪೀಠ. ಪಾಠ ಕೇಳಲು ಅನುಮತಿಯನ್ನು ಬೇಡಿ ಕುಮಾರಿ ಕಾಲ್ಕಿನ್ಸ್ ಇಬ್ಬರಿಗೂ ಬರೆದಳು. ಗುರುಗಳಿಬ್ಬರೂ ಬರಬಹುದೆಂದರು, ವಿದ್ಯಾಪೀಠದ ಅಧ್ಯಕ್ಷರು ಬರಕೂಡದೆಂದರು. ಆಗ ಆಕೆಯ ತಂದೆ ಆಡಳಿತ ಮಂಡಲಿಗೆ ಬಿನ್ನವತ್ತಳೆಯನ್ನು ಕಳುಹಿಸಿದರು. ವೆಲ್ಸ್‌ಲಿ ಕಾಲೇಜಿನ ಅಧ್ಯಕ್ಷೆಯೂ ಪತ್ರ ಬರೆದರು. 1890ರ ಅಕ್ಟೋಬರಿನಲ್ಲಿ ಅನುಮತಿ ಬಂದಿತು. ಆದರೆ ಇದರಿಂದ ಆಕೆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯಾಗುವುದಿಲ್ಲವೆಂಬ ಮಾತನ್ನು ಅಧಿಕಾರಿಗಳು ಮರೆಯದೆ ಸೇರಿಸಿದ್ದರು.

ತರಗತಿಗೆ ಹೋದ ಮೇಲೆ ಒಂದು ವಿಚಿತ್ರವು ನಡೆಯಿತು. ಕೆಲವು ವಾರಗಳಲ್ಲಿಯೇ ಉಳಿದ ವಿದ್ಯಾರ್ಥಿಗಳೆಲ್ಲರೂ ಒಬ್ಬೊಬ್ಬರಾಗಿ ಬಿಟ್ಟುಹೋದರು. ಗುರುವೊಬ್ಬರು, ಶಿಷ್ಯೆಯೊಬ್ಬಳು ಉಳಿದರು. ಪಾಠವು ಪುಸ್ತಕಶಾಲೆಯ ಅಗ್ಗಿಷ್ಟಿಕೆಯ ಎರಡು ಪಕ್ಕಗಳಲ್ಲಿ ಕುಳಿತು ನಡೆಯತೊಡಗಿತು. ಜೇಮ್ಸರು ಹನ್ನೆರಡು ವರ್ಷ ದುಡಿದು ಬರೆದ ಮನಶ್ಶಾಸ್ತ್ರದ ಮಹಾಗ್ರಂಥವು ಎರಡು ಸಂಪುಟಗಳಾಗಿ ಆ ವರ್ಷವೇ ಅಚ್ಚಾಗಿ ಬಂದಿದ್ದಿತು. ಗ್ರಂಥಕರ್ತನೇ ಎದುರಿಗೆ ಕುಳಿತಿರಲು ಅದನ್ನು ಓದಿ ಚರ್ಚಿಸುವ ಭಾಗ್ಯವು ಎಷ್ಟು ಮಂದಿಗೆ ದೊರೆತೀತು! ನಲವತ್ತೆಂಟು ವಯಸ್ಸಿನ ಪಂಡಿತರು ಒಬ್ಬಳೇ ಶಿಷ್ಯೆಯಿರುವಳೆಂದು ತರಗತಿಯನ್ನು ನಿಲ್ಲಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ನಿಲ್ಲಿಸಲಿಲ್ಲ. ಆ ದಿನಗಳಲ್ಲಿ ಅವಳು ಭಾವಗಳ ಸಾಹಚರ್ಯವನ್ನು ಕುರಿತು ಆಲೋಚಿಸತೊಡಗಿದಳು. ಆ ವಿಷಯದ ಲೇಖನವೊಂದು 1892ರಲ್ಲಿ ಪ್ರಕಟವಾಯಿತು.

ಓದುವುದಾಯಿತು, ಪ್ರಯೋಗವನ್ನು ಕಲಿಸುವವರಾರು? ಬಾಸ್ಟನ್ನಿನಿಂದ ಸುಮಾರು 40 ಮೈಲಿ ದೂರದ ವುಸ್ಟರ್ ಎಂಬ ಊರಿನಲ್ಲಿ ಕ್ಲಾರ್ಕ್ ವಿಶ್ವವಿದ್ಯಾನಿಲಯವಿದೆ. ಅಲ್ಲಿ ಎಡ್ಮಂಡ್ ಸ್ಯಾನ್‌ಫರ್ಡ್ ಎಂಬ ತರುಣ ಅಧ್ಯಾಪಕರು ಪ್ರಯೋಗಶಾಲೆಯನ್ನು ನೋಡಿಕೊಳ್ಳುತ್ತಿದ್ದರು. ಉಪಕರಣಗಳನ್ನು ಮಾಡಿಸುವುದರಲ್ಲಿಯೂ ತಿದ್ದುವುದರಲ್ಲಿಯೂ ನುರಿತ ಕೈ ಅವರದು. ಕುಮಾರಿ ಕಾಲ್ಕಿನ್ಸಳಿಗೆ ಖಾಸಗಿಯಾಗಿ ಪಾಠ ಹೇಳಲು ಅವರು ಒಪ್ಪಿದರು. ಜೇಮ್ಸರ ಹೆಸರು ಲೋಕವೆಲ್ಲ ಹರಡಿದೆ; ಸ್ಯಾನ್‌ಫರ್ಡರನ್ನು ಇಂದು ಬಲ್ಲವರು ಕಡಮೆ. ಮನೆಪಾಠದ ಗುರುವಿನ ಲಕ್ಷಣವನ್ನು ತಿಳಿಯಬೇಕೆಂಬವರು ನೋಡಬೇಕಾದುದು ಮಾತ್ರ ಇವರನ್ನೇ.

ಸ್ಯಾನ್‌ಫರ್ಡರ ಸಲಹೆಯಂತೆ ಗುರುಶಿಷ್ಯರಿಬ್ಬರೂ ಸೇರಿ 1891ರಲ್ಲಿ ಕನಸುಗಳನ್ನು ಶೋಧಿಸಲು ತೊಡಗಿದರು. ಇಬ್ಬರೂ ತಮ್ಮ ತಮ್ಮ ಮನೆಗಳಲ್ಲಿ ರಾತ್ರಿಯ ಬೇರೆ ಬೇರೆ ಹೊತ್ತಿಗೆ ಅಲಾರಂ ಗಡಿಯಾರವನ್ನು ಇಟ್ಟುಕೊಂಡು ಮಲಗುವರು. ಹಾಸಿಗೆಯ ಪಕ್ಕದಲ್ಲಿ ಕಾಗದ, ಪೆನ್ಸಿಲು, ಮೇಣದಬತ್ತಿ, ಬೆಂಕಿಕಡ್ಡಿ. ಎಚ್ಚರವಾದೊಡನೆಯೇ, ಕನಸು ಮಾಸುವುದಕ್ಕೆ ಮೊದಲು, ಕಂಡುದನ್ನು ಬರೆದಿಡುವರು. ಕನಸು ಎಷ್ಟೇ ಕ್ಷುದ್ರವಾಗಿ ತೋರಿದರೂ ಬಿಡುವಂತಿಲ್ಲ. ಹೀಗೆ 55 ರಾತ್ರಿಗಳಲ್ಲಿ ಶಿಷ್ಯೆ 205 ಕನಸುಗಳನ್ನೂ, 46 ರಾತ್ರಿಗಳಲ್ಲಿ ಗುರು 170 ಕನಸುಗಳನ್ನೂ ಬರೆದರು. ಕನಸೆಂಬುದು ಎಲ್ಲಿಂದಲೋ ಇಳಿದುಬಂದ ಅದ್ಭುತವಲ್ಲ, ಎಚ್ಚರದ ಬಾಳಿನ ಜನ, ಸ್ಥಳ, ಅನುಭವಗಳೇ ಅದರಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ ಎಂದು ಅವುಗಳಿಂದ ಕಂಡುಬಂದಿತು. ಕುಮಾರಿ ಕಾಲ್ಕಿನ್ಸಳ ಲೇಖನವು 1893ರಲ್ಲಿ ಅಚ್ಚಾಯಿತು. ಮುಂದೆ ಫ್ರಾಯ್ಡ್ ಪಂಡಿತರು ಕನಸುಗಳನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇದನ್ನು ಉಲ್ಲೇಖಿಸಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಕನಸನ್ನು ಹೇಳುವುದೆಂದರೆ ಸಂಕೋಚದ ಮಾತು. ಶಿಷ್ಯೆ ತನ್ನ ಕನಸುಗಳನ್ನು ಬರೆದು ಒಪ್ಪಿಸಲಿ, ಗುರು ಕುಳಿತು ತೂಗಲಿ ಎಂದಿದ್ದರೆ ಆ ಕೆಲಸ ಬಹುಶಃ ಎರಡನೆಯ ವಾರಕ್ಕೇ ನಿಂತುಹೋಗುತ್ತಿದ್ದಿತು. ಸ್ಯಾನ್‌ಫರ್ಡರು ತಮ್ಮ ನಿದ್ರೆಯನ್ನೂ ಕೆಡಿಸಿಕೊಂಡರು, ತಮ್ಮ ಕನಸುಗಳನ್ನೂ ತಂದು ಅದೇ ರಾಶಿಯಲ್ಲಿ ಹಾಕಿದರು. ವಿದ್ಯಾರ್ಥಿಗೆ ಆಸರೆಯಾಗುವುದೆಂದರೆ ಮೃದುವಾಗಿ ಮಾತನಾಡುವುದಷ್ಟೇ ಎಂದು ಬಗೆಯುವವರಿದ್ದಾರೆ. ವಿದ್ಯಾರ್ಥಿಯಿಂದ ಕೇಳುವ ಶ್ರಮವನ್ನು ತಾನೂ ಪಡುವುದು, ಅವನು ತೆರೆದಿಡಬೇಕಾದ ಮನಸ್ಸಿನ ಮುಂದೆ ತನ್ನ ಮನಸ್ಸನ್ನೂ ತೆರೆದಿಡುವುದು—ಇದೇ ದೊಡ್ಡ ಆಸರೆ. ಅದೇ ವರ್ಷ ಕುಮಾರಿ ಕಾಲ್ಕಿನ್ಸ್ ವೆಲ್ಸ್‌ಲಿಗೆ ಹಿಂದಿರುಗಿ ಕಾಲೇಜಿನ ಮಾಳಿಗೆಯಲ್ಲಿ ಪ್ರಯೋಗಶಾಲೆಯನ್ನು ತೆರೆದಳು. ಅಮೇರಿಕಾದಲ್ಲಿ ಹೆಂಗಸೊಬ್ಬಳು ಸ್ಥಾಪಿಸಿದ ಮೊದಲನೆಯ ಮನಶ್ಶಾಸ್ತ್ರ ಪ್ರಯೋಗಶಾಲೆ ಅದು. ಉಪಕರಣಗಳಿಗೆ ತಗುಲಿದ ವೆಚ್ಚ 200 ಡಾಲರು. ಮೊದಲ ತರಗತಿಗೆ ಸೇರಿದವರು ಐವತ್ತಕ್ಕೂ ಹೆಚ್ಚು ಮಂದಿ. ಏನನ್ನು ಕೊಳ್ಳಬೇಕು, ಏನನ್ನು ತಾವೇ ಮಾಡಿಕೊಳ್ಳಬೇಕು ಎಂಬುದರಲ್ಲಿ ಸ್ಯಾನ್‌ಫರ್ಡರ ನೆರವಿದ್ದಿತು. ಪಾಠ ಮುಗಿದ ಮೇಲೂ ಮನೆಪಾಠದ ಗುರುವಿನ ಕೈ ಶಿಷ್ಯೆಯನ್ನು ಬಿಟ್ಟಿರಲಿಲ್ಲ.

ಮೂರನೆಯ ಗುರು ಜರ್ಮನಿಯಿಂದ 1892ರಲ್ಲಿ ಹಾರ್ವರ್ಡಿಗೆ ಬಂದ ಹ್ಯೂಗೋ ಮ್ಯುನ್‌ಸ್ಟರ್‌ಬರ್ಗರು. ಅವರು ಹುಟ್ಟಿದುದೂ 1863ರಲ್ಲಿಯೇ. ಗುರುವಿಗಿಂತ ಶಿಷ್ಯೆಯೇ ಎರಡು ತಿಂಗಳಿಗೆ ಹಿರಿಯಳು! ಅವರ ಪ್ರಯೋಗಶಾಲೆಯಲ್ಲಿ ಆಕೆ ನೆನಪನ್ನು ಕುರಿತು ಸಂಶೋಧನೆ ನಡೆಸಿದಳು. ಒಂದು ಬಣ್ಣವನ್ನೂ ಅದರ ಜೊತೆಗೆ ಒಂದು ಅಂಕಿಯನ್ನೂ ತೋರಿಸುತ್ತ ಹೋಗಿ, ಅನಂತರ ಬಣ್ಣವನ್ನು ಮಾತ್ರ ತೋರಿಸಿ ಅಂಕಿಯನ್ನು ಕೇಳುವ ಕ್ರಮವನ್ನು ಆಕೆಯೇ ಕಲ್ಪಿಸಿದಳು. ಜೋಡಿಗಳನ್ನು ಕಲಿಸಿ ನೆನಪನ್ನು ಅಳೆಯುವ ಆ ವಿಧಾನವನ್ನು ಮನಶ್ಶಾಸ್ತ್ರಜ್ಞರು ಇಂದಿಗೂ ಬಳಸುತ್ತಿರುವರು. ಥಳಥಳಿಸಿ ಕಣ್ಣು ಸೆಳೆದುದಕ್ಕಿಂತಲೂ ಮತ್ತೆ ಮತ್ತೆ ಎದುರಿಗೆ ಬಂದುದೇ ಹೆಚ್ಚಾಗಿ ನೆನಪಿನಲ್ಲಿ ನಿಲ್ಲುತ್ತದೆ ಎಂಬುದು ಆಕೆ ಕಂಡ ಫಲ. ಮೊದಲನೆಯ ದಿನವೇ ವಾಗ್ವೈಖರಿಯಿಂದ ಮನೆಯವರನ್ನು ಬೆರಗುಗೊಳಿಸಿ ವಾರಕ್ಕೊಮ್ಮೆ ತಪ್ಪಿಸಿಕೊಳ್ಳುವ ಉಪಾಧ್ಯಾಯರನ್ನು ಕಂಡವರಿಗೆ ಈ ಫಲವು ಹೊಸದಾಗಿ ತೋರಲಾರದು.

1894ರಲ್ಲಿ ಮ್ಯುನ್‌ಸ್ಟರ್‌ಬರ್ಗರು, ಈಕೆಯನ್ನು ಡಾಕ್ಟರ್ ಪದವಿಗೆ ಅಭ್ಯರ್ಥಿಯಾಗಿ ಸ್ವೀಕರಿಸಬೇಕೆಂದು ವಿಶ್ವವಿದ್ಯಾನಿಲಯಕ್ಕೆ ತಾವೇ ಬರೆದುಕೊಂಡರು. ಅಧಿಕಾರಿಗಳು ಒಪ್ಪಲಿಲ್ಲ. ಆದರೂ 1895ರ ಮೇ ತಿಂಗಳಿನಲ್ಲಿ ಜೇಮ್ಸ್, ರಾಯ್ಸ್, ಮ್ಯುನ್‌ಸ್ಟರ್‌ಬರ್ಗ್ ಮೊದಲಾದವರು ಕುಳಿತು, ಪದವಿಯ ಪರೀಕ್ಷೆಗೆ ಯಾವ ಅಂಶದಲ್ಲಿಯೂ ಕಡಮೆಯಿಲ್ಲದ ಪರೀಕ್ಷೆಯನ್ನು ಆಕೆಗೆ ಕೊಟ್ಟರು. ಆಕೆ ಪದವಿಗೆ ಪೂರ್ಣ ಅರ್ಹಳೆಂದು ಪರೀಕ್ಷಕರೆಲ್ಲರೂ ಅಧಿಕಾರಿಗಳಿಗೆ ತಿಳಿಸಿದರು. ಹಾರ್ವರ್ಡಿನಲ್ಲಿ ಅದುವರೆಗೆ ನಡೆದ ಅಂಥ ಪರೀಕ್ಷೆಗಳಲ್ಲೆಲ್ಲ ಇದೇ ಅತ್ಯುಜ್ಜ್ವಲವಾದುದೆಂದು ಜೇಮ್ಸರು ಬರೆದರು. ಪದವಿ ಬರಲಿಲ್ಲ. 1902ರಲ್ಲಿ, ಅದೇ ಊರಿನ ರ‍್ಯಾಡ್‌ಕ್ಲಿಫ್ ಎಂಬ ಸ್ತ್ರೀ ಕಾಲೇಜಿನ ಹೆಸರಿನಲ್ಲಿ ಪದವಿ ಕೊಡುವುದಾಗಿ ಹೇಳಿಕಳುಹಿಸಿದರು. ಆಕೆ ಕಲಿತುದು ಹಾರ್ವರ್ಡಿನಲ್ಲಿ. ಕಲಿಯದ ಕಡೆಯ ಪದವಿಯನ್ನು ತೆಗೆದುಕೊಳ್ಳುವುದು ಸುಲಭವಾದರೂ ಸರಿಯಲ್ಲವೆಂದು ವಿನಯದಿಂದಲೇ ನಿರಾಕರಿಸಿದಳು. 1905ರಲ್ಲಿ ಅಮೇರಿಕಾದ ಮನಶ್ಶಾಸ್ತ್ರಜ್ಞರ ಸಂಘವೂ, 1918ರಲ್ಲಿ ತತ್ತ್ವಶಾಸ್ತ್ರಜ್ಞರ ಸಂಘವೂ ಆಕೆಯನ್ನು ಅಧ್ಯಕ್ಷಳನ್ನಾಗಿ ಆರಿಸಿದುವು; ಎರಡರಲ್ಲಿಯೂ ಆ ಪೀಠವನ್ನು ಏರಿದ ಹೆಂಗಸರಲ್ಲಿ ಆಕೆಯೇ ಮೊದಲನೆಯವಳು. 1929ರ ವರೆಗೆ ವೆಲ್ಸ್‌ಲಿಯಲ್ಲಿಯೇ ಪಾಠ ಹೇಳಿ, 1930ರಲ್ಲಿ ತೀರಿಕೊಂಡಳು. ಹಾರ್ವರ್ಡಿನ ಪದವಿ ಆಗಲೂ ಬಂದಿರಲಿಲ್ಲ.

ಗುರುವಿನ ಶಕ್ತಿಗೂ ಒಂದು ಎಲ್ಲೆಯುಂಟೆಂಬುದನ್ನು ಈ ವೃತ್ತಾಂತವು ಮರೆಮಾಡದೆ ಹೇಳುತ್ತದೆ. ಮೂವರು ಮಹಾಪಂಡಿತರು ಸೇರಿ ಒಂದು ಕಾಗದದ ಪದವಿಯನ್ನು ಕೊಡಿಸಲಾರದೆ ಹೋದರು. ಆದರೂ ತನ್ನ ಕಡೆಯ ದಿನಗಳಲ್ಲಿ ಬಾಳಿನ ಕಥೆಯನ್ನು ಬರೆದಾಗ ಆಕೆ ಸ್ಮರಿಸಿದುದು ಅಗ್ಗಿಷ್ಟಿಕೆಯ ಪಕ್ಕದ ಪಾಠವನ್ನು, ಪ್ರಯೋಗಶಾಲೆಯಲ್ಲಿ ತನ್ನನ್ನು ಜೊತೆಗಾರಳಂತೆ ಕಂಡವರ ಸ್ನೇಹವನ್ನು. ಮನೆಪಾಠವನ್ನು ಏರ್ಪಡಿಸುವ ತಂದೆತಾಯಿಗಳು ಅಂಕಪಟ್ಟಿಯನ್ನು ಅಪೇಕ್ಷಿಸುವುದು ಸಹಜ. ಅಂಕಗಳು ಬೇಡವೆಂದು ಹೇಳುವವರು ಬಾಳನ್ನು ಅರಿತವರಲ್ಲ. ಆದರೆ ಅಂಕವು ಪರರ ಕೈಯಲ್ಲಿರುವ ವಸ್ತು. ಗುರು ತನ್ನ ಕೈಯಿಂದಲೇ ಕೊಡಬಲ್ಲುದು ಬೇರೆಯಿದೆ. ಅದು ಒಮ್ಮೆ ಬಂದರೆ ಯಾವ ಮಂಡಲಿಯೂ ಹಿಂದಕ್ಕೆ ಪಡೆಯಲಾರದು.

ಈ ಪರಂಪರೆಯ ಒಂದು ಕವಲು ಭಾರತಕ್ಕೂ ಹರಿದಿದೆ. ಹಾರ್ವರ್ಡಿನಲ್ಲಿ ಮ್ಯುನ್‌ಸ್ಟರ್‌ಬರ್ಗರ ಬಳಿ ಓದಿದ ನರೇಂದ್ರನಾಥ ಸೇನ್‌ಗುಪ್ತರು 1916ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗದ ಮೊದಲನೆಯ ಹೊಣೆಯನ್ನು ಹೊತ್ತರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಪಂಡಿತರ ಬಳಿ ಅಭ್ಯಾಸಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿ ಮೈಸೂರಿನಲ್ಲಿ ಅಂಥದೇ ವಿಭಾಗವು ತೆರೆಯಿತು. ಇಂದು ಪುಸ್ತಕಗಳಿಗೆ ಕೊರತೆಯಿಲ್ಲ. ದೂರದ ಊರಿನ ಉಪಾಧ್ಯಾಯರೂ ಯಂತ್ರದ ತೆರೆಯ ಮೇಲೆ ಮನೆಯೊಳಕ್ಕೆ ಬಂದು ಪಾಠ ಹೇಳುತ್ತಾರೆ. ಕೊರತೆಯಿರುವುದು ಸ್ಯಾನ್‌ಫರ್ಡರಂಥ ಮನಸ್ಸಿಗೆ.

ಅಂಥ ಮನಸ್ಸನ್ನು ಗುರುತಿಸುವುದು ಹೇಗೆಂದರೆ, ಒಂದೆರಡು ಗುರುತುಗಳಿಲ್ಲದೆ ಇಲ್ಲ. ವಿದ್ಯಾರ್ಥಿಯ ಪ್ರಶ್ನೆಯನ್ನು ಕೇಳಿ ತನಗೆ ಗೊತ್ತಿಲ್ಲವೆನ್ನಲು ನಾಚದವರು, ಸಣ್ಣ ಪ್ರಯೋಗವೊಂದನ್ನು ಹೂಡಿ ತಾವೂ ಅದಕ್ಕೆ ಒಳಗಾಗುವವರು, ಹೇಳಿದ ಹೊತ್ತಿಗೆ ತಪ್ಪದೆ ಬರುವವರು—ಇಂಥವರು ಯೋಗ್ಯರು. ಇನ್ನೊಂದು ಎಚ್ಚರವೂ ಬೇಕು. ಪಾಠದ ನಡುವೆ ಹುಡುಗನ ಸ್ವಂತ ದುಃಖವು ಮೇಲೆದ್ದರೆ, ತಾನು ಉಪಾಧ್ಯಾಯನೇ ಹೊರತು ವೈದ್ಯನಲ್ಲವೆಂಬುದನ್ನು ಗುರು ಅರಿತಿರಬೇಕು. ಸಹಾನುಭೂತಿಯಿಂದ ಕೇಳಿ, ತಕ್ಕವರ ಬಳಿಗೆ ದಾರಿ ತೋರಿಸಬೇಕು.

ಇಷ್ಟಾದ ಮೇಲೂ ಸಂದೇಹವು ಉಳಿದರೆ ಪರೀಕ್ಷಿಸಲು ಸುಲಭವಾದ ಉಪಾಯವೊಂದಿದೆ. ಮೊದಲನೆಯ ವಾರದ ಪಾಠಗಳಾದ ಮೇಲೆ ಮಗುವನ್ನು ಕರೆದು, ಗುರುಗಳು ಏನು ಹೇಳಿಕೊಟ್ಟರೆಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಬದಲಾಗಿ, ನೀನು ಅವರನ್ನು ಏನು ಕೇಳಿದೆ ಎಂದು ಕೇಳಬಹುದು. ಉತ್ತರವು ತಡವರಿಸದೆ ಬಂದರೆ ಆ ಉಪಾಧ್ಯಾಯರನ್ನು ಬಿಡಬಾರದು.