ನೆಲ್ಲಿಮರದ ಬಿಲ್ಲು

ಪರಊರಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಪ್ರತಿಯೊಂದು ಮನೆಯವರಿಗೂ ಹೇಳಿಕೊಳ್ಳಲು ಊರಿನದೊಂದು ಜಾಗವಿರುತ್ತದೆ. ಕೆಲವರಿಗೆ ಅದು ಹೊಳೆಯ ಮೆಟ್ಟಿಲು, ಕೆಲವರಿಗೆ ರಥಬೀದಿ, ಇನ್ನು ಕೆಲವರಿಗೆ ಅಜ್ಜನ ಮನೆಯ ಅಟ್ಟ. ನಮ್ಮ ಮನೆಯವರಿಗಿರುವುದು ಮಾತ್ರ ನಾಲ್ಕು ಜನರ ನಡುವೆ ಹೇಳಲು ಸ್ವಲ್ಪ ಹಿಂದೆಮುಂದೆ ನೋಡಬೇಕಾದ ಜಾಗ. ಅದು ತೀರ್ಥಹಳ್ಳಿಯ ಸೀಮೆಯಲ್ಲಿ, ನಮ್ಮ ಗದ್ದೆಕೋಗಿನ ತಲೆಯ ಮೇಲಿರುವ ಬೇಟೆಯ ಬಿಲ್ಲು. ನಮ್ಮ ಅಜ್ಜಯ್ಯ, ಅವರ ಅಪ್ಪ, ಅಣ್ಣತಮ್ಮಂದಿರು ಮಿಗ ಹೊಡೆಯಲು ಕಾದು ನಿಲ್ಲುತ್ತಿದ್ದ ಸ್ಥಳ.

ಬಯಲುಸೀಮೆಯ ಓದುಗರಿಗಾಗಿ ಒಂದು ಮಾತು. ಬಿಲ್ಲು ಎಂದರೆ ಇಲ್ಲಿ ಬಾಣ ಹೂಡುವ ಬಿಲ್ಲಲ್ಲ. ಕೋವಿ ಹಿಡಿದವನು ಕಾದು ನಿಲ್ಲುವ ನೆಲೆ. ಹಳು ಎಂದರೆ ದಟ್ಟ ಕಾಡು. ಒಂದಷ್ಟು ಜನ ನಾಯಿಗಳೊಡನೆ ಹಳು ನುಗ್ಗಿ, ಕೂಗು ಹಾಕುತ್ತ ಪ್ರಾಣಿಯನ್ನು ಎಬ್ಬಿಸುತ್ತಾರೆ. ಎದ್ದ ಪ್ರಾಣಿ ರೂಢಿಯ ಹಾದಿ ಹಿಡಿದು ಕಂಡಿಯಲ್ಲಿ ನುಸುಳುವಾಗ ಬಿಲ್ಲಿನಲ್ಲಿ ನಿಂತವನು ಈಡು ಹೊಡೆಯುತ್ತಾನೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಓದಿದವರಿಗೆ ಇದೆಲ್ಲ ಹೊಸದಲ್ಲ.

ಇನ್ನು ‘ನಾವು’ ಎಂದರೆ ಅಜ್ಜಯ್ಯನ ನಾಲ್ವರು ಮೊಮ್ಮಕ್ಕಳು. ಒಬ್ಬ ಊರಿನಲ್ಲಿ ಗದ್ದೆ ತೋಟ ನೋಡಿಕೊಂಡಿದ್ದಾನೆ. ಒಬ್ಬಳು ಮುಂಬಯಿಯಲ್ಲಿ, ಒಬ್ಬ ಪುಣೆಯಲ್ಲಿ. ನಾಲ್ಕನೆಯವನು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತನಾಗಿದ್ದು, ಮಿಕ್ಕವರ ಪರವಾಗಿ ಈ ಸಾಲುಗಳನ್ನು ಬರೆಯುತ್ತಿದ್ದಾನೆ. ನಾಲ್ವರಲ್ಲಿ ಒಬ್ಬರೂ ಒಂದು ಈಡು ಹಾರಿಸಿದವರಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ನಾವು ಹುಟ್ಟಿದ್ದು ಅದಾದ ಮೇಲೆ. ಪರವಾನಗಿ ಪಡೆದು ಬೇಟೆಯಾಡಲು ಆ ಕಾಯ್ದೆಯಲ್ಲಿ ಉಳಿದಿದ್ದ ಸಣ್ಣ ಕಿಂಡಿಯನ್ನೂ 1991ರ ತಿದ್ದುಪಡಿ ಮುಚ್ಚಿತು. ಹೀಗಾಗಿ ನಮಗೆ ಬಂದದ್ದು ಬೇಟೆಯಿಲ್ಲದ ಬೇಟೆಯ ಜಾಗ. ಆದರೂ ಪ್ರತಿ ಸಲ ಊರಿಗೆ ಹೋದಾಗ ಕೈಕಾಲು ತೊಳೆದು ಕಾಫಿ ಕುಡಿದ ಮೇಲೆ ನಾವು ಮೊದಲು ಹತ್ತುವುದು ಅಲ್ಲಿಗೇ.

ನೋಡಿದರೆ ಅಲ್ಲೇನೂ ವಿಶೇಷವಿಲ್ಲ. ಎರಡು ಗುಡ್ಡಗಳ ನಡುವೆ ತಗ್ಗಾದ ಒಂದು ಕಂಡಿ. ಪೂರ್ವದ ಗುಡ್ಡದ ಮೇಲೆ ಹಳು. ಕೆಳಗೆ ಸೊಪ್ಪಿನ ಬೆಟ್ಟ. ಅದರ ಕೆಳಗೆ ನಮ್ಮ ಗದ್ದೆ, ಅಡಿಕೆ ತೋಟ. ಕಂಡಿಯ ಬಾಯಲ್ಲಿ ಹಳೆಯ ನೆಲ್ಲಿಮರ, ಪಕ್ಕದಲ್ಲಿ ಎದೆಯೆತ್ತರದ ಕರಿಬಂಡೆ. ಬಂಡೆಯ ಮರೆಯಲ್ಲಿ ನಿಂತರೆ ಇಪ್ಪತ್ತು ಮಾರು ದೂರದಲ್ಲಿ ಮಿಗದ ಹಾದಿ ಕಾಣುತ್ತದೆ. ಅಷ್ಟೇ. ಸೊಪ್ಪಿನ ಬೆಟ್ಟ ನಮ್ಮ ಹೆಸರಿನದೂ ಅಲ್ಲ. ಜಾಗ ಸರ್ಕಾರದ್ದು, ತೋಟಕ್ಕೆ ಸೊಪ್ಪು ತರುವ ಸವಲತ್ತು ಮಾತ್ರ ನಮ್ಮದು. ಇಷ್ಟಾಗಿಯೂ ಸುತ್ತಿನ ಹತ್ತಾರು ಬಿಲ್ಲುಗಳಲ್ಲಿ ಇದೇ ಒಳ್ಳೆಯದೆಂದು ನಮ್ಮ ಹಿರಿಯರು ಏಕೆ ಆರಿಸಿದರು ಎಂಬುದು ನಮಗೆ ತಿಳಿದದ್ದು ನಿಧಾನವಾಗಿ.

ಮೊದಲನೆಯದು ಗಾಳಿ. ಅಜ್ಜಯ್ಯ ಹೇಳುತ್ತಿದ್ದರು: “ಬಿಸಿಲು ನೆಲ್ಲಿಬುಡಕ್ಕೆ ಬಿತ್ತು ಅಂದ್ರೆ ಬಿಲ್ಲು ಕೆಟ್ಟಿತು. ಮನೆಗೆ ನಡೀರಿ.” ಹುಡುಗರಾದ ನಮಗೆ ಇದು ಹಳಬರ ನಂಬಿಕೆಯಂತೆ ಕೇಳಿಸುತ್ತಿತ್ತು. ಶಿವಮೊಗ್ಗೆಯಲ್ಲಿ ಬಿ.ಎಸ್ಸಿ. ಓದುವಾಗ ಅದರ ಅರ್ಥವಾಯಿತು. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಗುಡ್ಡದಿಂದ ಕೆಳಕ್ಕೆ ಇಳಿಯುತ್ತದೆ. ಇಳಿಜಾರು ಬಿಸಿಲಿಗೆ ಕಾದ ಮೇಲೆ ಹಗುರಾಗಿ ಮೇಲಕ್ಕೆ ಏರುತ್ತದೆ. ಕಡವೆಗೆ ಕಣ್ಣಿಗಿಂತ ಮೂಗು ದೊಡ್ಡದು. ಗಾಳಿ ಇಳಿಯುತ್ತಿರುವಷ್ಟು ಹೊತ್ತು ಕೆಳಗೆ ನಿಂತ ಮನುಷ್ಯನ ವಾಸನೆ ಮೇಲಿನಿಂದ ಬರುವ ಪ್ರಾಣಿಗೆ ತಲುಪದು. ಗಾಳಿ ತಿರುಗಿದೊಡನೆ ಅದು ಹಿಂದಕ್ಕೆ ಹಾರುತ್ತದೆ. ನಮ್ಮ ಇಳಿಜಾರು ಪಶ್ಚಿಮಕ್ಕೆ ಮುಖ ಮಾಡಿದ್ದು. ಬೆನ್ನ ಹಿಂದಿನ ಗುಡ್ಡ ಬೆಳಗಿನ ಬಿಸಿಲನ್ನು ತಡೆಯುವುದರಿಂದ, ಬೇರೆ ಬಿಲ್ಲುಗಳು ಕೆಟ್ಟ ಮೇಲೂ ಇಲ್ಲಿ ಒಂದೆರಡು ಗಂಟೆ ಗಾಳಿ ಇಳಿಯುತ್ತಲೇ ಇರುತ್ತದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅಜ್ಜಯ್ಯ ಇದನ್ನು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ.

ಎರಡನೆಯದು ಆ ನೆಲ್ಲಿಮರವೇ. ತುಳಸಿಪೂಜೆ ಕಳೆದ ಮೇಲೆ ಕಾಯಿ ಉದುರತೊಡಗಿದರೆ ಕಡವೆ, ಕಾಡುಕುರಿ ಎರಡೂ ಅಲ್ಲಿಗೆ ಬರುತ್ತವೆ. ಮೆಲುಕು ಹಾಕುವ ಪ್ರಾಣಿಗಳಾದ್ದರಿಂದ ಕಾಯನ್ನು ಗಬಗಬನೆ ನುಂಗಿ, ಆಮೇಲೆ ನೆಮ್ಮದಿಯಾಗಿ ಮಲಗಿದಲ್ಲಿ ಮೆಲುಕು ಹಾಕುತ್ತ ಗಟ್ಟಿಬೀಜವನ್ನು ಉಗುಳುತ್ತವೆ. ಹೀಗೆ ಬೀಜ ಬಿದ್ದಿದ್ದ ಗುರುತಿನಿಂದಲೇ ಅಜ್ಜಯ್ಯ ಅವುಗಳ ಹಕ್ಕೆಯನ್ನು ಕಂಡುಹಿಡಿಯುತ್ತಿದ್ದರು. ಗುಡ್ಡದ ಮೇಲೆ ಅಲ್ಲಲ್ಲಿ ಯಾರೂ ನೆಡದ ನೆಲ್ಲಿಗಿಡಗಳು ಎದ್ದಿರುವುದೂ ಇದರಿಂದಲೇ. ನಮ್ಮ ಹಿರಿಯರು ಹೊಡೆದ ಮಿಗಗಳು ನೆಟ್ಟ ಮರಗಳು ಎನ್ನಬೇಕು!

ಮೂರನೆಯದು ಉಪ್ಪುಮಣ್ಣು. ಕಂಡಿಯಿಂದ ಕೂಗಳತೆ ದೂರದಲ್ಲಿ ಹಳ್ಳದ ದಂಡೆಯ ಮಣ್ಣು ಗುಳಿಬಿದ್ದಿದೆ. ಪ್ರಾಣಿಗಳ ನಾಲಗೆ ತಾಗಿ ತಾಗಿ ನುಣುಪಾದ ಗುಳಿ. ಸೊಪ್ಪು ಹುಲ್ಲುಗಳಲ್ಲಿ ಸೋಡಿಯಂ ಕಡಿಮೆಯಾದ್ದರಿಂದ ಅದನ್ನು ಅವು ಮಣ್ಣಿನಲ್ಲಿ ಹುಡುಕಿಕೊಂಡು ಬರುತ್ತವೆ. ಅಲ್ಲಿ ಮರಸು ಕಟ್ಟಿ ಕೂತಿದ್ದರೆ ಹೊಡೆಯುವುದು ಬಹಳ ಸುಲಭ. ಆದರೆ ನಮ್ಮ ಮನೆಯಲ್ಲಿ ಅದು ನಿಷಿದ್ಧ. ನೀರಿಗೆ ಬಂದದ್ದನ್ನೂ ಮಣ್ಣು ನೆಕ್ಕಲು ಬಂದದ್ದನ್ನೂ ಹೊಡೆಯಬಾರದು. ಓಡಲು ದಾರಿಯಿರುವ ಪ್ರಾಣಿಯನ್ನು ಮಾತ್ರ ಹೊಡೆಯಬೇಕು. ಇದನ್ನು ಅಜ್ಜಯ್ಯ ಧರ್ಮವೆಂದು ಹೇಳಿದರೇ, ಮುಂದಿನ ವರ್ಷವೂ ಪ್ರಾಣಿ ಬರಲಿ ಎಂಬ ಲೆಕ್ಕದಿಂದ ಹೇಳಿದರೇ, ನಾವು ಕೇಳಲಿಲ್ಲ. ಬಹುಶಃ ಅವರಿಗೆ ಎರಡೂ ಒಂದೇ ಆಗಿತ್ತು.

ಬೇಟೆ ಮುಗಿದ ಮೇಲೆ ಪಾಲು. ಇದರ ವಿಷಯ ಹೇಳುವಾಗ ಈಗ ಎಂಬತ್ತರ ಗಡಿಯಲ್ಲಿರುವ ನಮ್ಮ ದೊಡ್ಡಪ್ಪನವರ ಮುಖ ಅರಳುತ್ತದೆ. ಮೊದಲ ಈಡು ಯಾರದೋ ಅವರಿಗೆ ತಲೆ ಮತ್ತು ಒಂದು ತೊಡೆ. ನಾಯಿಗಳ ಪಾಲು ನಾಯಿ ತಂದವರಿಗೆ. ಮಿಕ್ಕದ್ದು ಬಾಳೆಲೆಯ ಮೇಲೆ ತಲೆಗೊಂದರಂತೆ ಸಮಪಾಲು. ಕೋವಿ ಹಿಡಿದವರಿಗೂ ಕೂಗು ಹಾಕಿದವರಿಗೂ, ಹಿಂದೆ ಬಂದ ಹತ್ತು ವರ್ಷದ ಹುಡುಗನಿಗೂ ಒಂದೇ ಅಳತೆ. ಇದನ್ನು ಕೇಳಿ ಬೆಳೆದ ನಾವು, ಅದೆಷ್ಟು ನ್ಯಾಯವಾದ ಕಾಲ ಎಂದುಕೊಂಡಿದ್ದೆವು.

ನ್ಯಾಯದ ಇನ್ನೊಂದು ಮುಖವನ್ನು ತೋರಿಸಿದವನು ನಮ್ಮ ಜೊತೆಯಲ್ಲೇ ಶಾಲೆಗೆ ಬಂದ, ನಮ್ಮ ಹಳೆಯ ಗೇಣಿದಾರರ ಮನೆಯ ಮೊಮ್ಮಗ. ಬಿಲ್ಲಿಗೆ ನಿಲ್ಲುವವರು ಐದಾರು ಮಂದಿಯಾದರೆ ಹಳು ನುಗ್ಗುವವರು ಇಪ್ಪತ್ತಕ್ಕೂ ಮೇಲೆ. ಅವರೆಲ್ಲ ಗೇಣಿ ಒಕ್ಕಲುಗಳು, ಆಳುಗಳು. ಮನೆಯಿಂದ ಕರೆ ಬಂದರೆ ಇಲ್ಲವೆನ್ನುವ ಹಾಗಿರಲಿಲ್ಲ. ನಾವು ‘ನೆಲ್ಲಿಬಿಲ್ಲು’ ಎನ್ನುವ ಜಾಗಕ್ಕೆ ಅವರ ಮನೆಯಲ್ಲಿ ‘ಮುಳ್ಳುಕಂಡಿ’ ಎಂದೇ ಹೆಸರಂತೆ. ಮೇಲಿನಿಂದ ಬೆತ್ತದ ಮುಳ್ಳಿನ ನಡುವೆ ನುಗ್ಗಿ ಇಳಿದವರಿಗೆ ಮೊದಲು ನೆನಪಾಗುವುದು ನೆಲ್ಲಿಮರವಲ್ಲ, ಮುಳ್ಳು. ಪಾಲು ಸಮವಾಗಿತ್ತು ನಿಜ. ನಿಲ್ಲುವ ಜಾಗ ಸಮವಾಗಿರಲಿಲ್ಲ.

ಆದ್ದರಿಂದಲೇ ನಮ್ಮ ಬೇಟೆ ನಿಂತದ್ದು ವನ್ಯಜೀವಿ ಕಾಯ್ದೆಯೊಂದರಿಂದಲೇ ಅಲ್ಲ. ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು, 1974ರ ಮಾರ್ಚ್ 1ರಿಂದ ಗೇಣಿಪದ್ಧತಿ ಕೊನೆಗೊಂಡಿತು. ಉಳುವವರು ಡಿಕ್ಲರೇಷನ್ ಕೊಟ್ಟರು, ತಮ್ಮ ಗದ್ದೆಗೆ ತಾವೇ ಒಡೆಯರಾದರು. ಆಮೇಲೆ ಯಾರ ಮನೆಯ ಕರೆಗೂ ಯಾರೂ ಮುಳ್ಳಿಗೆ ನುಗ್ಗಬೇಕಾಗಿರಲಿಲ್ಲ. ದೊಡ್ಡಪ್ಪ ಹೇಳುವ ಹಾಗೆ, “ಕಾಯ್ದೆ ಕೋವಿ ನಿಲ್ಲಿಸಿತು, ಡಿಕ್ಲರೇಷನ್ ಹಳು ನಿಲ್ಲಿಸಿತು.” ಈ ಮಾತಿನಲ್ಲಿ ಬೇಸರವಿದೆಯೋ ಒಪ್ಪಿಗೆಯಿದೆಯೋ ಅವರ ಧ್ವನಿಯಿಂದ ಹೇಳುವುದು ಕಷ್ಟ. ಕೋವಿ ಮಾತ್ರ ಬೆಳೆರಕ್ಷಣೆಯ ಲೈಸೆನ್ಸಿನಲ್ಲಿ ಬಹಳ ಕಾಲ ಗೋಡೆಯಲ್ಲಿ ತೂಗುತ್ತಿತ್ತು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಬರುತ್ತಿತ್ತು. ಕಣ್ಣು ಮಂಜಾದ ಮೇಲೆ ದೊಡ್ಡಪ್ಪ ಅದನ್ನು ಒಪ್ಪಿಸಿಬಿಟ್ಟರು.

2022ರಲ್ಲಿ ಮನೆ ಹಿಸ್ಸೆಯಾಯಿತು. ಗದ್ದೆ, ತೋಟ, ಹಂಡೆ, ಕಡಾಯಿಗಳವರೆಗೆ ಎಲ್ಲ ಪಟ್ಟಿಯಾಗಿ ಹಂಚಿಹೋದವು. ಬಿಲ್ಲು ಯಾವ ಪಟ್ಟಿಯಲ್ಲೂ ಇರಲಿಲ್ಲ. ಕಾಗದದಲ್ಲಿಲ್ಲದ ಆಸ್ತಿಯನ್ನು ಹಂಚುವುದು ಹೇಗೆ? ಅದು ಹಾಗೇ ಉಳಿಯಿತೆಂದು ನಾವು ಸಮಾಧಾನಪಟ್ಟುಕೊಂಡಿದ್ದಾಗಲೇ ಮರುವರ್ಷ ಬೇಲಿಯ ಪ್ರಶ್ನೆ ಎದ್ದಿತು.

ಕೇಳಿದವನು ಆ ಹಳೆಯ ಗೆಳೆಯನೇ. ಕಾಡುಹಂದಿ, ಕಾಟಿ, ಮಿಗ ಮೂರೂ ಸೇರಿ ಅವನ ಭತ್ತವನ್ನು ತೆನೆಯ ಹೊತ್ತಿಗೆ ಮುಗಿಸುತ್ತಿದ್ದವು. ರಾತ್ರಿಯಿಡೀ ಅಟ್ಟಣೆಯಲ್ಲಿ ಕೂತು ಡಬ್ಬ ಬಡಿದು ಅವನ ಆರೋಗ್ಯ ಕೆಟ್ಟಿತ್ತು. ಸೌರಶಕ್ತಿಯ ತಂತಿಬೇಲಿ ಹಾಕಬೇಕು, ಅದು ನಮ್ಮ ತಲೆಗದ್ದೆಯ ಗಡಿಯ ಮೇಲೆ ಕಂಡಿಗೆ ಅಡ್ಡವಾಗಿ ಹಾಯಬೇಕು, ನಮ್ಮ ಒಪ್ಪಿಗೆ ಬೇಕು. ಫೋನಿನಲ್ಲಿ ಒಂದು ತಿಂಗಳು ನಮ್ಮ ನಾಲ್ವರಲ್ಲಿ ವಾದ ನಡೆಯಿತು. ಕಂಡಿ ಮುಚ್ಚಿದರೆ ಮಕ್ಕಳಿಗೆ ತೋರಿಸಲು ಏನು ಉಳಿಯಿತು ಎಂದಳು ಮುಂಬಯಿಯವಳು. ಎರಡು ವರ್ಷಕ್ಕೊಮ್ಮೆ ಎಲ್.ಟಿ.ಸಿ.ಯಲ್ಲಿ ಹತ್ತು ದಿನ ಬಂದು ಹೋಗುವವರಿಗೆ ಮಿಗ ಚಂದ, ಗದ್ದೆ ಮಾಡುವವನಿಗಲ್ಲ ಎಂದ ಊರಿನವನು. ಎರಡೂ ಸರಿಯೇ; ಅದೇ ತೊಂದರೆ.

ಆ ಚಳಿಗಾಲ ನಾವು ಊರಿನಲ್ಲಿ ಸೇರಿದಾಗ ಅವನೇ ನಮ್ಮನ್ನು ಕಂಡಿಗೆ ಕರೆದುಕೊಂಡು ಹೋದ. ಕೋಲಿನಿಂದ ಹೆಜ್ಜೆ ತೋರಿಸುತ್ತ, “ಇದು ಕಡವೆ, ಹೆಣ್ಣು, ಜೊತೆಗೆ ಮರಿ” ಎಂದ. ಆಮೇಲೆ ಹೇಳಿದ: “ಅಣ್ಣಾ, ನಾನೂ ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಕಂಡಿ ಪೂರ್ತಿ ಮುಚ್ಚಿದ್ರೆ ಮಿಗ ವಾಪಸ್ ಹೋಗ್ತದಾ? ತಂತಿ ಮುಗಿಯೋ ಕಡೆ ಹುಡುಕಿ ತೋಟಕ್ಕೆ ನುಗ್ತದೆ. ಎದ್ದ ಮಿಗಕ್ಕೆ ಕಂಡಿ ಬಿಡ್ಬೇಕು ಅಂತ ನಮ್ಮಜ್ಜ ಹೇಳ್ತಿದ್ರು.” ಹಳು ನುಗ್ಗಿದವರಿಗೆ ಮಿಗದ ಹಾದಿ ಬಿಲ್ಲಿನಲ್ಲಿ ನಿಂತವರಿಗಿಂತ ಚೆನ್ನಾಗಿ ಗೊತ್ತಿತ್ತು. ಮೇಲಿನ ಹಕ್ಕೆಯಿಂದ ಕಂಡಿಯವರೆಗೆ ಆ ಹಾದಿ ನಡೆದವರು ಅವರೇ.

ಅವನು ನೆಲದ ಮೇಲೆ ಕೋಲಿನಿಂದ ಗೆರೆ ಎಳೆದ. ಬೇಲಿ ನೆಲ್ಲಿಮರಕ್ಕಿಂತ ಕೆಳಗೆ ಬಳಸಿ ಹೋಗಬೇಕು. ಕಂಡಿಯಿಂದ ಆಚೆ ಕಣಿವೆಗೆ ಹಾದಿ ತೆರೆದಿರಬೇಕು. ಹಾಗೆ ಮಾಡಿದರೆ ನಮ್ಮ ತಲೆಗದ್ದೆಯ ಹತ್ತು ಗುಂಟೆ ಬೇಲಿಯ ಹೊರಗೆ ಉಳಿಯುತ್ತಿತ್ತು. ಹಿಸ್ಸೆಯಲ್ಲಿ ಆ ಗದ್ದೆ ಊರಿನವನ ಪಾಲಿಗೆ ಬಂದದ್ದು. ಹತ್ತು ಗುಂಟೆ ಬಿಡು ಎಂದು ಪರಊರಿನಲ್ಲಿ ಸಂಬಳ ಎಣಿಸುವ ನಾವು ಮೂವರು ಅವನಿಗೆ ಹೇಳುವುದು ಸುಲಭ. ಕೊನೆಗೆ ಅಜ್ಜಯ್ಯನ ಲೆಕ್ಕದಂತೆ ತಲೆಗೊಂದು ಪಾಲು ಹಾಕಿದೆವು: ತಲಾ ಎರಡೂವರೆ ಗುಂಟೆ. ನಮ್ಮ ಮೂವರ ಭಾಗದಿಂದ ಏಳೂವರೆ ಗುಂಟೆ ಅವನಿಗೆ ಕೊಟ್ಟು, ಹತ್ತು ಗುಂಟೆ ಹೊರಗೆ ಬಿಟ್ಟೆವು. 2024ರಲ್ಲಿ ಬೇಲಿಯಾಯಿತು. ಗೆಳೆಯನ ಭತ್ತ ಪೂರ್ತಿ ಉಳಿಯಿತೆಂದೇನಲ್ಲ, ಹಂದಿಗಳು ಬುದ್ಧಿವಂತ ಪ್ರಾಣಿಗಳು. ಆದರೆ ಮುಕ್ಕಾಲು ಪಾಲು ಮನೆ ಸೇರಿತು. ಹೊರಗೆ ಬಿಟ್ಟ ಗದ್ದೆಯಲ್ಲಿ ಹುಲ್ಲು ಎದ್ದಿದೆ.

ದೆಹಲಿಯ ನಮ್ಮ ಮಕ್ಕಳು ಜಿಂಕೆಯನ್ನು ಮೊದಲು ನೋಡಿದ್ದು ಹೌಜ್ ಖಾಸ್‌ನ ಉದ್ಯಾನದಲ್ಲಿ, ಬೇಲಿಯ ಒಳಗೆ. ಆ ವರ್ಷದ ಡಿಸೆಂಬರಿನಲ್ಲಿ ಅವರನ್ನು ಕರೆದುಕೊಂಡು ನಾವು ನಸುಕಿನಲ್ಲೇ ಬಿಲ್ಲಿಗೆ ಹತ್ತಿದೆವು. ಹತ್ತುವ ಮುಂಚೆ ಉಣುಗು ಹತ್ತದಿರಲೆಂದು ಎಲ್ಲರ ಕೈಕಾಲಿಗೆ ಡಿಪಾ ತೈಲ; 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಈಗಲೂ ಬೇಸಗೆಗೆ ಮುಂಚೆ ತಲೆಯೆತ್ತುತ್ತದೆ, ಮನೆಯ ಹೆಂಗಸರು ಇದಿಲ್ಲದೆ ಅಂಗಳ ದಾಟಲು ಬಿಡುವುದಿಲ್ಲ. ಬಂಡೆಯ ಮರೆಯಲ್ಲಿ ಎರಡು ಗಂಟೆ ಮಾತಿಲ್ಲದೆ ಕೂತೆವು. ಒಂದು ಮಿಗವೂ ಕಾಣಲಿಲ್ಲ. ಮೇಲೆಲ್ಲೋ ಕಾಡುಕುರಿ ಬೊಗಳಿತು. ನಾಯಿಯೇ ಎಂದು ಚಿಕ್ಕವನು ಕೇಳಿದ. ಮುಂಬಯಿಯ ಹುಡುಗಿ ಉಗುಳಿದ ನೆಲ್ಲಿಬೀಜಗಳನ್ನು ಎಣಿಸಿ ಜೇಬಿಗೆ ಹಾಕಿಕೊಂಡಳು. ಬಿಸಿಲು ನೆಲ್ಲಿಬುಡಕ್ಕೆ ಬಿದ್ದ ಕೂಡಲೇ ಎದ್ದೆವು.

ದೊಡ್ಡಪ್ಪನವರಿಗೆ ಈಗ ಗುಡ್ಡ ಹತ್ತಲಾಗುವುದಿಲ್ಲ. ಜಗಲಿಯಲ್ಲಿ ಕಾದು ಕೂತಿದ್ದರು. ಏನು ಕಂಡಿರಿ ಎಂದು ಅವರು ಕೇಳಲಿಲ್ಲ. “ಗಾಳಿ ಎತ್ತ ಇತ್ತು?” ಎಂದರು.

ನಾವು ಬಾಯಿ ತೆರೆಯುವ ಮುಂಚೆ ಚಿಕ್ಕವನು, “ಮೇಲಿಂದ ಕೆಳಗೆ, ಅಜ್ಜಯ್ಯ” ಎಂದ.

“ಹಾಗಾದರೆ ಬಿಲ್ಲು ಸರಿಯಾಗಿದೆ,” ಎಂದು ಹೇಳಿ ಅವರು ಮಕ್ಕಳಿಗೆ ಕಡುಬು ಬಡಿಸಲು ಒಳಗೆ ಕೂಗಿದರು.