ಸಿಂಬೆ ಸರಿಯಿಲ್ಲದ ಬಿಂದಿಗೆ

"ಇಡೀ ದಿನ ಕೂತ್ಕೊಂಡೇ ಇರ್ತೀಯಲ್ಲ, ಅದಕ್ಕೇ" ಅಂದರು ಆಫೀಸಿನವರು. "ಜಾಸ್ತಿ ಓಡ್ತೀರಲ್ಲ, ಅದಕ್ಕೇ" ಅಂದ ಜಿಮ್ ಟ್ರೈನರ್. ಕೂತರೂ ತಪ್ಪು ನನ್ನದೇ, ಓಡಿದರೂ ನನ್ನದೇ. ತೊಡೆಸಂದಿನ ನೋವು ಮಾತ್ರ ಆರು ತಿಂಗಳಾದರೂ ಹೋಗಲಿಲ್ಲ.

ಕೊನೆಗೆ ಡಾಕ್ಟರ್ ಎಕ್ಸ್‌ರೇ ತೋರಿಸಿದರು. ತೊಡೆಮೂಳೆಯ ತುದಿ ಒಂದು ಚೆಂಡು, ಸೊಂಟದ ಮೂಳೆಯಲ್ಲಿ ಅದು ಕೂರಲು ಒಂದು ಬಟ್ಟಲು. ನನ್ನ ಬಟ್ಟಲಿಗೆ ಆಳ ಕಡಿಮೆ. ಹೆಸರು ಹಿಪ್ ಡಿಸ್‌ಪ್ಲೇಸಿಯಾ. "ಮನೆಯಲ್ಲಿ ಬೇರೆ ಯಾರಿಗಾದ್ರೂ ಇದೆಯಾ?" ಅಂತ ಕೇಳಿದರು. ಇಲ್ಲ ಅಂದೆ.

ರಾತ್ರಿ ಓದುತ್ತಾ ಕೂತೆ. ಚೆಂಡು, ಬಟ್ಟಲು ಎರಡಕ್ಕೂ ಕೆಲವೇ ಮಿಲಿಮೀಟರ್ ದಪ್ಪದ ಮೃದ್ವಸ್ಥಿಯ ಹೊದಿಕೆ. ಬರ್ಲಿನ್‌ನ ಬರ್ಗ್‌ಮನ್ ಮತ್ತು ಸಂಗಡಿಗರು ಕೃತಕ ಕೀಲಿನೊಳಗೇ ಸೆನ್ಸರ್ ಇಟ್ಟು ಅಳೆದು 2001ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸುಮ್ಮನೆ ನಡೆದರೂ ಆ ಕೀಲಿನ ಮೇಲೆ ದೇಹದ ತೂಕದ ಸುಮಾರು 2.4 ಪಟ್ಟು ಬಲ ಬೀಳುತ್ತೆ. 58 ಕೆಜಿಯ ನನಗೆ ಹೆಜ್ಜೆಗೆ ಹತ್ತಿರಹತ್ತಿರ 140 ಕೆಜಿ ಹೊರೆ! ಆಳದ ಬಟ್ಟಲಲ್ಲಿ ಅದು ಅಗಲಕ್ಕೆ ಹಂಚಿಹೋಗುತ್ತೆ. ನನ್ನಂಥವರಲ್ಲಿ ಅಂಚಿನ ಸಣ್ಣ ಜಾಗವೇ ಬಹುಪಾಲು ಹೊರಬೇಕು. ಆರೋಗ್ಯವಂತರ ಕೀಲೂ ಪೂರ್ತಿ ಗುಂಡಗಿರಲ್ಲ. ಕಂಪ್ಯೂಟರ್ ಮಾದರಿಯಲ್ಲಿ ಮೃದ್ವಸ್ಥಿಯನ್ನು ನುಣುಪಾದ ಗೋಳ ಅಂದುಕೊಂಡು ಲೆಕ್ಕ ಹಾಕಿದರೆ, ಗರಿಷ್ಠ ಒತ್ತಡ ನಿಜಕ್ಕಿಂತ ಕಡಿಮೆ ಕಾಣುತ್ತೆ. ಅಷ್ಟು ಸಣ್ಣ ಉಬ್ಬುತಗ್ಗಿಗೂ ಬೆಲೆಯಿದೆ. ಮೃದ್ವಸ್ಥಿಗೆ ನರವಿಲ್ಲ, ರಕ್ತನಾಳವೂ ಇಲ್ಲ. ಸವೆಯುವಾಗ ತಾನಾಗಿ ಹೇಳಲ್ಲ, ಸವೆದ ಮೇಲೆ ಸುಲಭಕ್ಕೆ ಕೂಡಿಕೊಳ್ಳಲ್ಲ.

ಆಗ ಅಮ್ಮನ ನಡಿಗೆ ನೆನಪಾಯಿತು. ಎಡಕ್ಕೆ ವಾಲಿಕೊಂಡು, ಗೋಡೆ ಹಿಡಿದು. "ತೂಕ ಇಳಿಸು, ಸೋಮಾರಿತನ ಬಿಡು" ಅಂತ ಮನೆಯವರೆಲ್ಲ ಅವಳಿಗೆ ಹೇಳಿದ್ದೇವೆ. ಜಾಸ್ತಿ ಹೇಳಿದ್ದು ನಾನೇ. ಹೋದ ವರ್ಷ ಹುಟ್ಟುಹಬ್ಬಕ್ಕೆ ಫಿಟ್‌ನೆಸ್ ಬ್ಯಾಂಡ್ ಕೊಡಿಸಿ, ಹತ್ತು ಸಾವಿರ ಹೆಜ್ಜೆ ಆಯ್ತಾ ಅಂತ ದಿನಾ ಫೋನ್ ಮಾಡಿ ಕೇಳ್ತಿದ್ದೆ.

ಬೆಳಿಗ್ಗೆ ಫೋನ್ ಮಾಡಿ ಚೆಂಡು, ಬಟ್ಟಲು, ಅಂಚು ಎಲ್ಲಾ ವಿವರಿಸಿದೆ. ಅಮ್ಮ ತಕ್ಷಣ ಹಿಡಿದಳು. "ಬಾವಿಯಿಂದ ನೀರು ತರೋವಾಗ ಬಿಂದಿಗೆ ಎಲ್ಲರದ್ದೂ ಒಂದೇ ತೂಕ ಕಣೇ. ಸಿಂಬೆ ಸರಿ ಕೂರದಿದ್ದವಳ ತಲೆ ಮಾತ್ರ ಒಂದೇ ಕಡೆ ನೋಯೋದು."

"ನಿಂಗೂ ಹಾಗೇನಾ ಅಂತ ನೋಡಿಸೋಣ. ಶನಿವಾರ ಬರ್ತೀನಿ, ಎಕ್ಸ್‌ರೇ ತೆಗೆಸೋಣ" ಅಂದೆ.

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಹಾಗಾದ್ರೆ ನಾನು ಸೋಮಾರಿ ಅಲ್ವೇನೇ?"